ಈ ಫೋಟೋ ಎಲ್ಲಿಗೆ ಹೋಗುತ್ತದೆ?

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಮ್ಮ ನಾಡಿನ ಯಾವ ಸಂತೆಗೆ, ಯಾವ ಜಾತ್ರೆಗೆ ಹೋದರೂ ಒಂದು ಪ್ರಶ್ನೆ ತಪ್ಪುವುದಿಲ್ಲ. ‘ಯಾವ ಪೇಪರ್ ಸರ್?’ ಈಚೆಗೆ ಅದು ‘ಯಾವ ಚಾನೆಲ್ಲು?’ ಎಂದಾಗಿದೆ. ಹುಡುಗರಾದರೆ ‘ಇನ್‌ಸ್ಟಾದಲ್ಲಿ ಹಾಕ್ತೀರಾ ಅಣ್ಣಾ?’ ಎಂದೇ ಕೇಳುತ್ತಾರೆ. ಕ್ಯಾಮೆರಾ ಹಿಡಿದವರಲ್ಲಿ ಬಹಳಷ್ಟು ಮಂದಿ ಇದನ್ನು ಬರೀ ಕುತೂಹಲದ ಮಾತೆಂದುಕೊಂಡು ನಕ್ಕು ಮುಂದೆ ಹೋಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ನನ್ನ ಮುಖವನ್ನು ಎಲ್ಲಿಗೆ ಒಯ್ಯುತ್ತಿದ್ದೀಯ, ಯಾರಿಗೆ ತೋರಿಸುತ್ತೀಯ, ಅದರಿಂದ ನನಗೇನು ಬರುತ್ತದೆ ಎಂಬುದೇ ಆ ಪ್ರಶ್ನೆಯ ಒಳಗಿರುವ ಮಾತು. ಉತ್ತರ ಹೇಳಲು ನಿಂತರೆ ಇಬ್ಬರು ಅಪರಿಚಿತರ ನಡುವೆ ಭೇಟಿ ಶುರುವಾಗುತ್ತದೆ. ನಿಲ್ಲದೆ ಹೋದರೆ ನಮ್ಮ ಪಾಲಿಗೆ ಒಂದು ಚಿತ್ರ ಸಿಗುತ್ತದೆ, ಅವರ ಪಾಲಿಗೆ ಏನೂ ಸಿಗುವುದಿಲ್ಲ.

ಜಗತ್ತಿನಲ್ಲೇ ಅತಿ ಹೆಚ್ಚು ಜನ ನೋಡಿರುವ ಫೋಟೋಗಳಲ್ಲೊಂದು ಹೀಗೆ ಉತ್ತರ ಸಿಗದ ಭೇಟಿಯಿಂದ ಹುಟ್ಟಿದ್ದು.

1936ರ ಮಾರ್ಚ್ ತಿಂಗಳ ಮೊದಲ ದಿನಗಳು. ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಬರ, ಧೂಳಿನ ಬಿರುಗಾಳಿ, ಸಾಲ ಎಲ್ಲ ಸೇರಿ ಊರು ಬಿಡಿಸಿದ ಸಾವಿರಾರು ಕುಟುಂಬಗಳು ಕೂಲಿ ಹುಡುಕಿಕೊಂಡು ಕ್ಯಾಲಿಫೋರ್ನಿಯಾದ ಹೊಲಗಳತ್ತ ಬರುತ್ತಿದ್ದವು. ಸರ್ಕಾರದ ಪುನರ್ವಸತಿ ಸಂಸ್ಥೆಗಾಗಿ ಆ ಜನರ ಬದುಕನ್ನು ದಾಖಲಿಸುತ್ತಿದ್ದ ಡೊರೊಥಿಯಾ ಲ್ಯಾಂಗ್ ತಿಂಗಳ ಪ್ರವಾಸ ಮುಗಿಸಿ ಒಬ್ಬರೇ ಕಾರು ಓಡಿಸಿಕೊಂಡು ಮನೆಗೆ ಮರಳುತ್ತಿದ್ದರು. ಮಳೆ ಬೇರೆ. ನಿಪೊಮೊ ಎಂಬಲ್ಲಿ ರಸ್ತೆ ಬದಿಯಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರಕ್ಕೆ ದಾರಿ ತೋರುವ ಫಲಕವೊಂದು ಕಂಡಿತು. ಬೇಕಾದಷ್ಟು ಚಿತ್ರ ತೆಗೆದಾಗಿದೆ, ಇನ್ನು ಸಾಕು ಎಂದುಕೊಂಡು ಅವರು ಮುಂದೆ ಹೋದರು. ಸುಮಾರು 20 ಮೈಲಿ ಹೋದ ಮೇಲೂ ಆ ಫಲಕ ಮನಸ್ಸಿನಿಂದ ಇಳಿಯಲಿಲ್ಲ. ಕಾರು ತಿರುಗಿಸಿ ಮತ್ತೆ ಅಷ್ಟೇ ದೂರ ವಾಪಸು ಬಂದರು.

ಬಿಡಾರದ ಅಂಚಿನಲ್ಲಿ, ಒಂದು ಕಡೆ ತೆರೆದಿದ್ದ ಗುಡಾರದೊಳಗೆ ಮಕ್ಕಳೊಂದಿಗೆ ಕೂತಿದ್ದ ತಾಯಿಯೊಬ್ಬಳು ಅವರ ಕಣ್ಣಿಗೆ ಬಿದ್ದಳು. ಬಟಾಣಿ ಬೆಳೆ ಚಳಿಗೆ ಸುಟ್ಟುಹೋಗಿತ್ತು, ಕೂಲಿ ನಿಂತಿತ್ತು. ಲ್ಯಾಂಗ್ ದೂರದಿಂದ ಒಂದು ಚಿತ್ರ ತೆಗೆದು, ಇನ್ನಷ್ಟು ಹತ್ತಿರ, ಮತ್ತಷ್ಟು ಹತ್ತಿರ ಹೋದರು. ಕೊನೆಯ ಚಿತ್ರದ ಹೊತ್ತಿಗೆ ಚೌಕಟ್ಟಿನಲ್ಲಿ ಉಳಿದದ್ದು ಆ ತಾಯಿಯ ಮುಖ, ಗಲ್ಲಕ್ಕೆ ತಾಗಿದ ಕೈ, ಎರಡೂ ಭುಜಕ್ಕೆ ಮುಖ ಹುದುಗಿಸಿಕೊಂಡ ಇಬ್ಬರು ಮಕ್ಕಳು, ಮಡಿಲಲ್ಲಿ ಒಂದು ಕೂಸು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಇದೇ ‘ವಲಸಿಗ ತಾಯಿ’ ಎಂದು ಹೆಸರಾದ ಚಿತ್ರ.

ಲ್ಯಾಂಗ್‌ಗೆ ಅಪರಿಚಿತರ ಹತ್ತಿರ ಹೋಗುವುದು ಹೇಗೆಂದು ಗೊತ್ತಿತ್ತು. ಏಳನೇ ವಯಸ್ಸಿನಲ್ಲಿ ಪೋಲಿಯೊ ತಗುಲಿ ಅವರ ಬಲಗಾಲು ಕುಂಟುತ್ತಿತ್ತು. ಕುಂಟುತ್ತಾ ಬಂದವಳನ್ನು ಕಂಡರೆ ಜನ ಮೆತ್ತಗಾಗುತ್ತಾರೆ, ಏನೂ ಕೊರತೆಯಿಲ್ಲದವರಿಗೆ ಸಿಗದ ಸಲುಗೆ ತನಗೆ ಸಿಗುತ್ತದೆ ಎಂಬರ್ಥದ ಮಾತನ್ನು ಅವರು ಕೊನೆಗಾಲದಲ್ಲಿ ಹೇಳಿದ್ದಾರೆ. ಇಷ್ಟೆಲ್ಲ ಇದ್ದವರು ಆ ದಿನ ತಾಯಿಯ ಹೆಸರು ಕೇಳಲಿಲ್ಲ. 1960ರಲ್ಲಿ ಬರೆದ ಲೇಖನದಲ್ಲಿ ಅವರೇ ಅದನ್ನು ಹೇಳಿಕೊಂಡಿದ್ದಾರೆ: ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ವಿಚಾರಿಸಲಿಲ್ಲ, ವಯಸ್ಸು 32 ಎಂದು ಆಕೆಯೇ ಹೇಳಿದಳು, ಹೊಟ್ಟೆಪಾಡಿಗಾಗಿ ಕಾರಿನ ಟೈರುಗಳನ್ನು ಮಾರಿದ್ದರು, ತನ್ನ ಚಿತ್ರದಿಂದ ತನಗೆ ನೆರವಾದೀತೆಂದು ಆಕೆಗೆ ತಿಳಿದಿದ್ದಂತಿತ್ತು.

ನೆರವು ಬಂತು. ಮಾರ್ಚ್ 10ರ ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ ಪತ್ರಿಕೆಯಲ್ಲಿ ಲ್ಯಾಂಗ್ ಚಿತ್ರಗಳೊಂದಿಗೆ ಬಿಡಾರದ ಹಸಿವಿನ ವರದಿ ಪ್ರಕಟವಾಯಿತು. ಸರ್ಕಾರ 20,000 ಪೌಂಡ್ ಆಹಾರ ಕಳಿಸಿತು. ಆದರೆ ಅದು ತಲುಪುವ ಹೊತ್ತಿಗೆ ಆ ತಾಯಿ, ಮಕ್ಕಳು ಅಲ್ಲಿಂದ ಹೊರಟುಹೋಗಿದ್ದರು.

ಆಕೆ ಯಾರೆಂದು ಜಗತ್ತಿಗೆ ತಿಳಿಯಲು 42 ವರ್ಷ ಬೇಕಾಯಿತು. 1978ರಲ್ಲಿ ಕ್ಯಾಲಿಫೋರ್ನಿಯಾದ ‘ಮೊಡೆಸ್ಟೊ ಬೀ’ ಎಂಬ ಪತ್ರಿಕೆಯ ಮೂಲಕ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಹೊರಬಂದರು. ಅವರು ಓಕ್ಲಹೋಮಾದ ಕಡೆಯ ಚೆರೋಕಿ ಮೂಲನಿವಾಸಿ ಮನೆತನದವರು. ಹೊಲದಿಂದ ಹೊಲಕ್ಕೆ ಅಲೆದು, ಹತ್ತಿ ಬಿಡಿಸಿ, ಹೋಟೆಲುಗಳಲ್ಲಿ ದುಡಿದು ಮಕ್ಕಳನ್ನು ಬೆಳೆಸಿದವರು. ಅವರ ಮನೆಯವರು ಹೇಳಿದ ಕಥೆ ಲ್ಯಾಂಗ್ ಬರೆದುದಕ್ಕಿಂತ ಬೇರೆಯೇ. ಅವರು ಆ ಬಿಡಾರದ ಕೂಲಿಗಳಾಗಿರಲಿಲ್ಲ. ಬೇರೆ ಊರಿಗೆ ಹೋಗುವ ದಾರಿಯಲ್ಲಿ ಕಾರು ಕೆಟ್ಟಿತ್ತು, ಗಂಡಸರು ರಿಪೇರಿಗೆಂದು ಪೇಟೆಗೆ ಹೋಗಿದ್ದರು. ಟೈರು ಮಾರಿರಲಿಲ್ಲ, ಆ ಟೈರುಗಳ ಮೇಲೆಯೇ ಅವರು ಮುಂದಿನ ಊರಿಗೆ ಹೋದದ್ದು. ಲ್ಯಾಂಗ್ ಇನ್ನೊಂದು ಕುಟುಂಬದ ಕಥೆಯನ್ನು ಇದರೊಂದಿಗೆ ಬೆರೆಸಿಕೊಂಡಿರಬೇಕು ಎಂಬುದು ಹಲವರ ಊಹೆ. ಫ್ಲಾರೆನ್ಸ್ ಅವರಿಗೆ ಹೆಚ್ಚು ನೋವಾದದ್ದು ಇನ್ನೊಂದು ವಿಷಯಕ್ಕೆ. ಚಿತ್ರದ ಒಂದು ಪ್ರತಿ ಕಳಿಸುತ್ತೇನೆಂದು ಹೇಳಿ ಹೋದವರು ಕಳಿಸಲೇ ಇಲ್ಲ ಎಂದು ಅವರು ಹೇಳಿದರು.

ನಾನು ಲ್ಯಾಂಗ್ ಅವರನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿಲ್ಲ. ಮಳೆಯಲ್ಲಿ 20 ಮೈಲಿ ಹಿಂದೆ ಬಂದವರು ಅವರು. ಅವರ ಚಿತ್ರ ಬಿಡಾರಕ್ಕೆ ಅನ್ನ ತಂದಿತು. ಸರ್ಕಾರಿ ಕೆಲಸವಾದ್ದರಿಂದ ಆ ಚಿತ್ರ ಎಲ್ಲರ ಸೊತ್ತಾಯಿತು, ಅದು ಅಚ್ಚಾದಲ್ಲೆಲ್ಲ ಅವರಿಗೆ ಹಣ ಬರುತ್ತಿರಲಿಲ್ಲ. ಆದರೂ ಹತ್ತು ನಿಮಿಷ ಇಪ್ಪತ್ತಾಗಿದ್ದರೆ ಏನಾಗುತ್ತಿತ್ತು ಎಂದು ನಾನು ಪದೇ ಪದೇ ಯೋಚಿಸುತ್ತೇನೆ. ಹೆಸರು ಸಿಗುತ್ತಿತ್ತು. ಕೆಟ್ಟ ಕಾರಿನ ಕಥೆ ಸಿಗುತ್ತಿತ್ತು. ನಾಲ್ಕು ದಶಕ ಬಡತನದ ಗುರುತಾಗಿ ಮಾತ್ರ ಉಳಿದ ಆ ಹೆಂಗಸು ದಾರಿ ಮಧ್ಯೆ ಸಿಕ್ಕಿಬಿದ್ದ, ಗಟ್ಟಿಮನಸ್ಸಿನ ಒಬ್ಬ ತಾಯಿಯಾಗಿ ನಮಗೆ ಪರಿಚಯವಾಗುತ್ತಿದ್ದರು. 1983ರಲ್ಲಿ ಫ್ಲಾರೆನ್ಸ್ ಕಾಯಿಲೆ ಬಿದ್ದಾಗ ಮಕ್ಕಳು ಜನರ ನೆರವು ಕೇಳಿದರು. ಊರೂರುಗಳಿಂದ ಪತ್ರಗಳೂ 30,000 ಡಾಲರಿಗೂ ಹೆಚ್ಚು ಹಣವೂ ಬಂದವು. ಅಲ್ಲಿಯವರೆಗೆ ಆ ಚಿತ್ರವನ್ನು ಅವಮಾನವೆಂದುಕೊಂಡಿದ್ದ ಮಕ್ಕಳು, ಪತ್ರಗಳನ್ನು ಓದಿದ ಮೇಲೆ ಅದನ್ನು ಹೆಮ್ಮೆಯಿಂದ ನೋಡತೊಡಗಿದರು. ಅದೇ ವರ್ಷ ಫ್ಲಾರೆನ್ಸ್ ತೀರಿಕೊಂಡರು. 1998ರಲ್ಲಿ ಆ ಚಿತ್ರದ ಒಂದು ಹಳೆಯ ಪ್ರತಿ ನ್ಯೂಯಾರ್ಕಿನ ಹರಾಜಿನಲ್ಲಿ 2,44,500 ಡಾಲರಿಗೆ ಮಾರಾಟವಾಯಿತು.

ಇಂಥದೇ ಇನ್ನೊಂದು ಮುಖ ನಮ್ಮ ಪಕ್ಕದ ದೇಶದ್ದು. 1984ರಲ್ಲಿ ಪೆಶಾವರದ ಬಳಿಯ ನಾಸಿರ್ ಬಾಗ್ ನಿರಾಶ್ರಿತರ ಶಿಬಿರದ ಶಾಲೆಯಲ್ಲಿ ಸ್ಟೀವ್ ಮೆಕ್ಕರಿ ತೆಗೆದ ಹಸಿರುಗಣ್ಣಿನ ಅಫ್ಘನ್ ಹುಡುಗಿಯ ಚಿತ್ರ ಮರುವರ್ಷ ಜೂನ್‌ನಲ್ಲಿ ‘ನ್ಯಾಷನಲ್ ಜಿಯೊಗ್ರಾಫಿಕ್’ ಮುಖಪುಟವಾಯಿತು. ಶರ್ಬತ್ ಗುಲಾ ಎಂಬ ಆಕೆಯ ಹೆಸರು ಹೊರಬಿದ್ದದ್ದು 2002ರಲ್ಲಿ, ಮೆಕ್ಕರಿ ಮತ್ತೆ ಹುಡುಕಿಕೊಂಡು ಹೋದಾಗ. ಅಲ್ಲಿಯವರೆಗೆ ಆಕೆ ತನ್ನ ಚಿತ್ರವನ್ನು ನೋಡಿಯೇ ಇರಲಿಲ್ಲ. ಅಪರಿಚಿತನೊಬ್ಬ ಚಿತ್ರ ತೆಗೆದನೆಂದು ಆ ದಿನ ತನಗೆ ಸಿಟ್ಟು ಬಂದಿತ್ತು ಎಂದು ಆಕೆ ನೆನಪಿಸಿಕೊಂಡರು. ಜಗತ್ತು ಆ ಕಣ್ಣುಗಳಲ್ಲಿ ಏನೇನೋ ಓದಿಕೊಂಡಿತ್ತು. ಮುಂದೆ ಆ ಖ್ಯಾತಿ ಆಕೆಯನ್ನು ಕಾಯಲೂ ಇಲ್ಲ, ಪೂರ್ತಿ ಕೈಬಿಡಲೂ ಇಲ್ಲ. 2016ರಲ್ಲಿ ನಕಲಿ ಗುರುತಿನ ಚೀಟಿಯ ಆರೋಪದ ಮೇಲೆ ಪಾಕಿಸ್ತಾನದಲ್ಲಿ ಬಂಧನವಾಯಿತು, ಗಡಿಪಾರಾಯಿತು. 2021ರಲ್ಲಿ ಇಟಲಿ ಆಶ್ರಯ ಕೊಟ್ಟಿತು.

ದೊಡ್ಡ ಹೆಸರುಗಳ ಕಥೆಯಾಯಿತು. ನಮ್ಮ ಹಳ್ಳಿಗಳಲ್ಲಿ ನಡೆಯುವ ಭೇಟಿಗಳ ಬಣ್ಣವೇ ಬೇರೆ. ಹಿರಿಯೂರು ಕಡೆಯ ಹಳ್ಳಿಯೊಂದರಲ್ಲಿ ಹಳೆಯ ಮಾಳಿಗೆ ಮನೆಗಳ ಬಾಗಿಲಿನ ಕೆತ್ತನೆಗಳ ಚಿತ್ರ ತೆಗೆಯುತ್ತಿದ್ದೆ. ಒಳಗಿನಿಂದ ಬಂದ ಅಜ್ಜಿ ಸ್ವಲ್ಪ ಹೊತ್ತು ನೋಡುತ್ತ ನಿಂತು, ‘ಬಾಗ್ಲು ಪಟ ತೆಗೆಯೋಕೆ ಅಷ್ಟ್ ದೂರದಿಂದ ಬಂದ್ಯೇನಪ್ಪಾ? ನಂದೊಂದು ತೆಗ್ದುಕೊಡು. ನಾನೊಬ್ಳೇ ಇರಂಗೆ. ಇವತ್ತೋ ನಾಳೆಯೋ ಗ್ವಾಡೆಗೆ ಹಾಕ್ಬೇಕಲ್ಲ’ ಎಂದರು. ಹಿಂದಿನಿಂದ ಸೊಸೆ ‘ಬಿಡ್ತು ಅನ್ನಿ ಅತ್ತೆ’ ಎಂದು ಗದರಿದರು. ಅಜ್ಜಿ ಬಿಡ್ತು ಅನ್ನಲಿಲ್ಲ.

ಈ ಬೇಡಿಕೆ ಎಷ್ಟು ಸಾಮಾನ್ಯವೆಂದು ಹಳ್ಳಿ ಸುತ್ತುವ ಫೋಟೋಗ್ರಾಫರುಗಳೆಲ್ಲರಿಗೂ ಗೊತ್ತು. ಮನೆಯ ಹಿರಿಯರು ತೀರಿಕೊಂಡ ಮೇಲೆ ಗೋಡೆಗೆ ಹಾಕಲು, ಹಾರ ಹಾಕಲು ಒಂದು ಪಟ ಬೇಕು. ಬಹಳ ಮನೆಗಳಲ್ಲಿ ಹಿರಿಯರ ಒಂಟಿ ಪಟವೇ ಇರುವುದಿಲ್ಲ. ಇರುವುದು ಯಾರದೋ ಮದುವೆಯ ಗುಂಪು ಫೋಟೋದ ಮೂರನೇ ಸಾಲಿನಲ್ಲಿ ಅರ್ಧ ಮರೆಯಾದ ಮುಖ, ಇಲ್ಲವೇ ವೋಟರ್ ಕಾರ್ಡಿನ ಮಸುಕು ಚಿತ್ರ. ತಾಲ್ಲೂಕು ಪೇಟೆಯ ಸ್ಟುಡಿಯೊದವರು ಅದನ್ನೇ ಕತ್ತರಿಸಿ, ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ತುಂಬಿ, ಚೌಕಟ್ಟು ಹಾಕಿಕೊಡುತ್ತಾರೆ. ಹಾಗೆ ದೊಡ್ಡದು ಮಾಡಿದ ಮುಖದಲ್ಲಿ ಕಣ್ಣು ಮೂಗು ಕರಗಿಹೋಗಿರುತ್ತದೆ. ಮೊಮ್ಮಕ್ಕಳು ಅದನ್ನೇ ಅಜ್ಜಿಯೆಂದು ನೋಡುತ್ತ ಬೆಳೆಯುತ್ತಾರೆ.

ನಾನು ಬಾಗಿಲ ಬಳಿಯ ಮೆತ್ತನೆ ಬೆಳಕಿನಲ್ಲಿ, ಅಜ್ಜಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಪಕ್ಕಕ್ಕೆ ತಿರುಗಿದ್ದಾಗ ಒಂದು ಚಿತ್ರ ತೆಗೆಯಬೇಕೆಂದಿದ್ದೆ. ಅವರು ಒಪ್ಪಲಿಲ್ಲ. ಒಳಗೆ ಹೋಗಿ ಸೀರೆ ಬದಲಿಸಿ, ತಲೆ ಬಾಚಿಸಿಕೊಂಡು ಬಂದರು. ಕುರ್ಚಿ ಹಾಕಿಸಿದರು. ಎರಡೂ ಕೈ ಮೊಣಕಾಲ ಮೇಲೆ, ಪಾದ ಕಾಣಬೇಕು, ಮುಖ ನೇರ. ನಗು ಬೇಡ. ಕ್ಯಾಮೆರಾದ ಪರದೆಯಲ್ಲಿ ತೋರಿಸಿದಾಗ ಹತ್ತಿರ ಹಿಡಿದು ನೋಡಿ, ‘ಈಗ ಸರಿಯಾತು’ ಎಂದರು.

ಇದು ಒಬ್ಬ ಅಜ್ಜಿಯ ಹಟ ಎಂದು ತಿಳಿಯಬಾರದು. ಮಾನವಶಾಸ್ತ್ರಜ್ಞ ಕ್ರಿಸ್ಟೋಫರ್ ಪಿನ್ನಿ ಮಧ್ಯಪ್ರದೇಶದ ನಾಗದಾ ಪಟ್ಟಣ, ಅದರ ಪಕ್ಕದ ಹಳ್ಳಿಗಳಲ್ಲಿ ಇದ್ದುಕೊಂಡು ಫೋಟೋ ಸ್ಟುಡಿಯೊಗಳ ಬಗ್ಗೆ ಅಧ್ಯಯನ ಮಾಡಿ 1997ರಲ್ಲಿ ‘ಕ್ಯಾಮೆರಾ ಇಂಡಿಕಾ’ ಎಂಬ ಪುಸ್ತಕ ಬರೆದರು. ನೆರೆಮನೆಯವನೊಬ್ಬನ ಚಿತ್ರವನ್ನು ಅವರು ತಮ್ಮ ರುಚಿಯಂತೆ, ಸಹಜ ಭಂಗಿಯಲ್ಲಿ, ಅರ್ಧ ದೇಹ ಮಾತ್ರ ಬರುವಂತೆ ತೆಗೆದುಕೊಟ್ಟರು. ಮುಖದ ಮೇಲೆ ನೆರಳಿದೆ, ದೇಹ ತುಂಡಾಗಿದೆ ಎಂದು ಆತ ಬೇಸರಪಟ್ಟ. ಪೂರ್ತಿ ದೇಹ, ನೇರ ನಿಲುವು, ಶಾಂತ ಮುಖ ಇದ್ದರೇ ಅದು ತನ್ನ ಫೋಟೋ ಎಂಬುದು ಆತನ ಲೆಕ್ಕ. ನಾವು ‘ಸಹಜ’ ಎಂದು ಹೊಗಳುವ ಚಿತ್ರಗಳಲ್ಲಿ ಎದುರಿನವರಿಗೆ ತಾವು ಸಿದ್ಧರಿಲ್ಲದ ಗಳಿಗೆ ಕಾಣುತ್ತದೆ. ಮನೆಗೆ ಬಂದ ನೆಂಟರೆದುರು ಹರಿದ ಬಟ್ಟೆಯಲ್ಲಿ ನಿಲ್ಲಲು ಯಾರೂ ಬಯಸುವುದಿಲ್ಲ, ಲಕ್ಷ ಜನರ ಮುಂದೆ ಮಾತ್ರ ಯಾಕೆ ಬಯಸಬೇಕು? ಅಜ್ಜಿಯ ಪಟ ನನ್ನ ಸಂಗ್ರಹದಲ್ಲಿ ಕಲೆಯ ದೃಷ್ಟಿಯಿಂದ ತೀರಾ ಸಾಧಾರಣ ಚಿತ್ರ. ನಾನು ತೆಗೆದವುಗಳಲ್ಲಿ ಅತ್ಯಂತ ಉಪಯೋಗವಾದ ಚಿತ್ರವೂ ಅದೇ ಎಂದು ನಂಬಿದ್ದೇನೆ.

ಭೇಟಿಯ ಸ್ವರೂಪವನ್ನು ಕ್ಯಾಮೆರಾವೂ ತೀರ್ಮಾನಿಸುತ್ತದೆ. ಇದು ಹೊರಗಿನವರಿಗೆ ಅಷ್ಟಾಗಿ ಹೊಳೆಯದ ಸಂಗತಿ. ಲ್ಯಾಂಗ್ ಆ ದಿನ ಬಳಸಿದ್ದು ಗ್ರಾಫ್ಲೆಕ್ಸ್ ಎಂಬ ದೊಡ್ಡ ಪೆಟ್ಟಿಗೆ. ಅದರಲ್ಲಿ ಮೇಲಿನಿಂದ ಬಗ್ಗಿ ನೋಡಬೇಕು. ರೋಲಿಫ್ಲೆಕ್ಸ್ ಕೂಡ ಹಾಗೆಯೇ, ಹೊಟ್ಟೆಯ ಮಟ್ಟದಲ್ಲಿ ಹಿಡಿದು ತಲೆ ತಗ್ಗಿಸಿ ನೋಡುವಂಥದು. ಎದುರಿನವರಿಗೆ ಫೋಟೋ ತೆಗೆಯುವವರ ಮುಖ ಕಾಣುತ್ತಲೇ ಇರುತ್ತದೆ, ಮಾತು ನಿಲ್ಲುವುದಿಲ್ಲ. ಕಣ್ಣಿಗೆ ಒತ್ತಿ ಹಿಡಿಯುವ ಕ್ಯಾಮೆರಾ ಬಂದ ಮೇಲೆ ಮುಖ ಮುಚ್ಚಿತು. ಲೆನ್ಸಿನ ಆಯ್ಕೆಯೂ ಹಾಗೆ. 35 ಮಿ.ಮೀ. ಲೆನ್ಸ್ ಹಾಕಿದರೆ ಒಬ್ಬರ ಚಿತ್ರ ತುಂಬಿ ಬರಲು ಎರಡು ಹೆಜ್ಜೆ ದೂರಕ್ಕೆ ಹೋಗಲೇಬೇಕು, ಹೋದಮೇಲೆ ನಮಸ್ಕಾರ ಹೇಳದಿರಲು ಆಗುವುದಿಲ್ಲ. 200 ಮಿ.ಮೀ. ಹಾಕಿದರೆ ರಸ್ತೆಯ ಆಚೆಯಿಂದಲೇ ಹಣೆಯ ಬೆವರನ್ನು ಹಿಡಿಯಬಹುದು, ಅವರಿಗೆ ಗೊತ್ತೂ ಆಗುವುದಿಲ್ಲ. ಹಕ್ಕಿಗಳ ಮಟ್ಟಿಗೆ ಉದ್ದ ಲೆನ್ಸು ಅನಿವಾರ್ಯ, ಅದರಿಂದ ಅವುಗಳಿಗೆ ತೊಂದರೆಯೂ ಕಡಿಮೆ. ಮನುಷ್ಯರನ್ನು ಹಾಗೆ ದೂರದಿಂದ ಹಿಡಿಯುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಜನ ಈಗ ಅನುಮಾನಿಸುತ್ತಾರೆ ಎಂಬ ದೂರು ಕೇಳುತ್ತಿರುತ್ತೇನೆ. ಅನುಮಾನಕ್ಕೆ ಕಾರಣಗಳಿವೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ದೇಶದ ತುಂಬ ಹಬ್ಬಿತ್ತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರೆಂಬ ಕಾರಣಕ್ಕೆ ಹೊರಗಿನಿಂದ ಬಂದ ಗೆಳೆಯರ ಗುಂಪಿನ ಮೇಲೆ ಹಲ್ಲೆ ನಡೆದು ಹೈದರಾಬಾದಿನ ಎಂಜಿನಿಯರ್ ಒಬ್ಬರು ಪ್ರಾಣ ಕಳೆದುಕೊಂಡರು. ಅವರ ಕೈಯಲ್ಲಿ ಇದ್ದದ್ದು ಮಿಠಾಯಿ ಅಷ್ಟೇ. ಅಪರಿಚಿತರು ಮಕ್ಕಳ ಹತ್ತಿರ ಹೋಗುವುದನ್ನು ಒಂದು ಊರು ಹೇಗೆ ನೋಡಬಹುದು ಎಂಬುದನ್ನು ಕ್ಯಾಮೆರಾ ಹಿಡಿದವರು ಮರೆಯಬಾರದು. ಊರೊಳಗೆ ಕಾಲಿಟ್ಟೊಡನೆ ಕಟ್ಟೆಯ ಮೇಲೆ ಕೂತ ಹಿರಿಯರೊಂದಿಗೆ ಎರಡು ಮಾತಾಡಿ, ಯಾರು, ಯಾಕೆ ಬಂದೆ ಎಂದು ಹೇಳಿಯೇ ಮುಂದೆ ಹೋಗುವುದು ಕ್ಷೇಮ, ಮರ್ಯಾದೆ ಕೂಡ. ನಗರದಲ್ಲಿ ಭಯ ಬೇರೆ ರೂಪದ್ದು. 2025ರಲ್ಲಿ ಬೆಂಗಳೂರಿನ ಮೆಟ್ರೊದಲ್ಲಿ ಹೆಣ್ಣುಮಕ್ಕಳ ವಿಡಿಯೊಗಳನ್ನು ಕದ್ದು ತೆಗೆದು ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಖಾತೆಯೊಂದರ ಮೇಲೆ ಪೊಲೀಸರು ಪ್ರಕರಣ ದಾಖಲಿಸಿದರು. ಅದಾದ ಮೇಲೆ ರೈಲಿನಲ್ಲಿ ಮೊಬೈಲ್ ಎತ್ತಿ ಹಿಡಿದವನನ್ನು ಕಂಡು ಒಬ್ಬ ಹುಡುಗಿ ಮುಖ ತಿರುಗಿಸಿದರೆ ಆಕೆಯನ್ನು ದೂರುವ ಹಕ್ಕು ಯಾರಿಗಿದೆ?

ಕಾನೂನು ಇಲ್ಲಿ ಸ್ವಲ್ಪ ದೂರ ಮಾತ್ರ ಜೊತೆಗೆ ಬರುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಜನರ ಫೋಟೋ ತೆಗೆಯುವುದನ್ನು ಸಾರಾಸಗಟಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಹೆಣ್ಣಿನ ಖಾಸಗಿ ಗಳಿಗೆಯನ್ನು ಕದ್ದು ನೋಡುವುದು, ಚಿತ್ರೀಕರಿಸುವುದು, ಹಂಚುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ಕೋರ್ಟಿಗೆ ಹೋದಾಗ 80 ದಾಟಿತ್ತು. ನನ್ನ ಬೆರಳಚ್ಚು ಎಲ್ಲಿಗೆ ಹೋಗುತ್ತದೆ ಎಂಬ ಅವರ ಪ್ರಶ್ನೆಗೂ, ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸು ಕೇಳುವ ‘ಯಾವ ಪೇಪರ್ರು?’ ಎಂಬ ಪ್ರಶ್ನೆಗೂ ನಂಟಿದೆ ಎಂದು ನಾನು ತಿಳಿಯುತ್ತೇನೆ.

ಈ ಪ್ರಶ್ನೆಗೆ ಒಳ್ಳೆಯ ಉತ್ತರ ಇಟ್ಟುಕೊಂಡು ಕೆಲಸ ಮಾಡಿದವರೂ ನಮ್ಮಲ್ಲಿದ್ದರು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಬದುಕಿನುದ್ದಕ್ಕೂ ಬೀದಿಯ ಜನರನ್ನು, ಮಕ್ಕಳನ್ನು, ದುಡಿಯುವ ಕೈಗಳನ್ನು ಹಿಡಿದವರು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು ಸಿಡುಬು ನಿರ್ಮೂಲನೆಯ ಕೆಲಸವನ್ನು ಚಿತ್ರಿಸಿದರು. ರೋಗಿಯ ಮುಖವನ್ನು ಒಬ್ಬ ಅಪರಿಚಿತ ತೆಗೆಯುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಇರಲಾರದು. 1977ರಲ್ಲಿ ಭಾರತ ಸಿಡುಬಿನಿಂದ ಮುಕ್ತವೆಂದು ಪ್ರಮಾಣೀಕೃತವಾಯಿತು, ಅದೇ ವರ್ಷ ಸತ್ಯನ್ ಅವರಿಗೆ ಪದ್ಮಶ್ರೀ ಬಂತು. ಅವರ ಚಿತ್ರಗಳಲ್ಲಿ ಬಡವರಿದ್ದಾರೆ, ಆದರೆ ಬಡತನಕ್ಕಾಗಿ ಅವರನ್ನು ತೆಗೆದಂತೆ ಕಾಣುವುದಿಲ್ಲ. ನಗು, ಆಟ, ಕೆಲಸದ ತನ್ಮಯತೆ ಮೊದಲು ಕಣ್ಣಿಗೆ ಬೀಳುತ್ತವೆ.

ಕೆಲವು ಸಲ ಚಿತ್ರವೇ ಬೇಡವಾಗುತ್ತದೆ. ಬಾದಾಮಿಯ ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ಜೋಳದ ರೊಟ್ಟಿ, ಕೆಂಪು ಚಟ್ನಿ, ಮೊಸರು ಇಟ್ಟುಕೊಂಡು ಊಟ ಬಡಿಸುವ ಹೆಂಗಸರಿರುತ್ತಾರೆ. ಅವರಲ್ಲೊಬ್ಬರ ಮುಂದೆ ಕ್ಯಾಮೆರಾ ಎತ್ತಿದಾಗ, ‘ಫೋಟೋ ಆಮ್ಯಾಲೆ ತಗೀವಂತಿ ತಮ್ಮಾ, ಮೊದಲ ಕುಂದ್ರು, ಎರಡ ರೊಟ್ಟಿ ತಿನ್ನು’ ಎಂದರು. ಕೂತೆ. ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದು ರೊಟ್ಟಿ ಬಡಿಯುತ್ತಾರೆ, ಬನದ ಹುಣ್ಣಿಮೆ ಜಾತ್ರೆಯಲ್ಲಿ ನಾಟಕದ ಕಂಪನಿಗಳು ಬಂದಾಗ ವ್ಯಾಪಾರ ಹೇಗಾಗುತ್ತದೆ, ಮಗಳನ್ನು ಓದಿಸಲು ಈ ಬುಟ್ಟಿ ಎಷ್ಟು ದುಡಿದಿದೆ, ಎಲ್ಲ ಹೇಳಿದರು. ಊಟವಾದ ಮೇಲೆ ಈಗ ತೆಗೆಯಲೇ ಎಂದು ಕೇಳಿದೆ. ‘ಬ್ಯಾಡ ಬಿಡು. ಮಗಳು ಕಾಲೇಜಿಗೆ ಹೊಕ್ಕಾಳ, ಅಕಿ ಗೆಳತ್ಯಾರು ನೋಡ್ತಾರ’ ಎಂದರು. ಕಾರಣ ಹೇಳಬೇಕಾದ ಹಂಗೇನೂ ಅವರಿಗಿರಲಿಲ್ಲ, ಜೊತೆಗೆ ಕೂತು ಉಂಡವನೆಂದು ಹೇಳಿದರು. ರೊಟ್ಟಿಯ ದುಡ್ಡು ಕೊಟ್ಟು ಎದ್ದೆ.

ಚಿತ್ರಕ್ಕೆ ಒಪ್ಪಿದವರ ಮಟ್ಟಿಗೆ ಉಳಿಯುವುದು ಪ್ರತಿ ಕಳಿಸುವ ಕೆಲಸ. ವಾಟ್ಸ್‌ಆ್ಯಪ್ ಇದೆಯಲ್ಲ ಎನ್ನುತ್ತಾರೆ. ಹರೆಯದವರಿಗೆ ಅದು ಸಾಕು. ವಯಸ್ಸಾದವರ ಹತ್ತಿರ ಇರುವುದು ಬಟನ್ ಫೋನು. ಚಿತ್ರ ಮೊಮ್ಮಗನ ಮೊಬೈಲಿಗೆ ಹೋಗಿ, ಜಾಗ ತುಂಬಿದ ದಿನ ಅಳಿಸಿಹೋಗುತ್ತದೆ. ಸಣ್ಣ ಅಳತೆಯ ಪ್ರಿಂಟಿಗೆ ಪೇಟೆಯ ಸ್ಟುಡಿಯೊದಲ್ಲಿ ಹೆಚ್ಚೇನೂ ಖರ್ಚಾಗುವುದಿಲ್ಲ. ಗೋಡೆಗೆ ಹಾಕುವಂಥದಾದರೆ ದೊಡ್ಡದು ಮಾಡಿಸಿ ಲ್ಯಾಮಿನೇಟ್ ಮಾಡಿಸುವುದು ಒಳ್ಳೆಯದು, ಹಳ್ಳಿಮನೆಯ ಹೊಗೆಗೂ ತೇವಕ್ಕೂ ಬರೀ ಕಾಗದ ಬೇಗ ಹಾಳಾಗುತ್ತದೆ. ಚಿತ್ರದ ಹಿಂಬದಿಯಲ್ಲಿ ಅವರ ಹೆಸರು, ತಾರೀಖು ಬರೆಯಬೇಕು, ಪೆನ್ನನ್ನು ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ. ಲಕೋಟೆಯೊಳಗೆ ಎರಡೂ ಕಡೆ ರಟ್ಟು ಇಡಬೇಕು. ವಿಳಾಸವನ್ನು ಮಾತ್ರ ಅಲ್ಲಿದ್ದಾಗಲೇ ಅವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು: ಹೆಸರು, ಯಾರ ಮಗಳು ಅಥವಾ ಯಾರ ಮನೆಯವರು, ಓಣಿ, ಹತ್ತಿರದ ಗುಡಿ, ಅಂಚೆ, ತಾಲ್ಲೂಕು. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನರಿರುತ್ತಾರೆ, ಮನೆತನದ ಹೆಸರಿದ್ದರೆ ಪೋಸ್ಟ್‌ಮನ್ ಹುಡುಕಿ ಮುಟ್ಟಿಸುತ್ತಾರೆ.